ಮೂರು ತಲೆಮಾರು, ಒಂದೇ ದೋಣಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ಅವರಿಗೆ ತೋರಿಸಲೇಬೇಕಾದ ಜಾಗಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್. ಮೊಮ್ಮಕ್ಕಳ ಶಾಲೆಗೆ ರಜೆ ಬಿದ್ದಿದ್ದರೆ ಜೊತೆಗೆ ಫ್ಲಾರಿಡಾದ ಒರ್ಲಾಂಡೊ. ಹೊರಡುವುದಕ್ಕೆ ತಿಂಗಳುಗಳ ಮೊದಲೇ ಮನೆಯಲ್ಲಿ ಎಕ್ಸೆಲ್ ಶೀಟ್ ಒಂದು ತೆರೆದುಕೊಳ್ಳುತ್ತದೆ. ಯಾವ ದಿನ ಯಾವ ಪಾರ್ಕು, ಗೇಟು ತೆರೆದ ಕೂಡಲೇ ಯಾವ ರೈಡಿನ ಕಡೆ ಓಡಬೇಕು, ಎಲ್ಲಿ ಊಟ, ಎಷ್ಟು ಗಂಟೆಗೆ ಪಟಾಕಿ. ಆ ಶೀಟು ಬರೆಯುವವರು ಮನೆಯಲ್ಲಿ ಎಲ್ಲರಿಗಿಂತ ಬೇಗ ನಡೆಯಬಲ್ಲವರು. ಎಪ್ಪತ್ತು ದಾಟಿದ ಅಜ್ಜಿಯ ಮಂಡಿನೋವು, ನಾಲ್ಕು ವರ್ಷದ ಮಗುವಿನ ಮಧ್ಯಾಹ್ನದ ನಿದ್ದೆ ಅದರ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ.

ಅತ್ತೆ-ಮಾವ, ಇಬ್ಬರು ಮಕ್ಕಳು ಎಲ್ಲರ ಜೊತೆ ಒರ್ಲಾಂಡೊ ನೋಡಿ ಬಂದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು, ಆ ಶೀಟನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು ಎಂದು. ಯಾರ ಹೆಜ್ಜೆ ನಿಧಾನವೋ ಅವರಿಂದ ಶುರು ಮಾಡಬೇಕು. ಯಾಕೆಂದರೆ ಅಲ್ಲಿನ ಡಿಸ್ನಿ ವರ್ಲ್ಡನ್ನು ಕಟ್ಟಿದ್ದೇ ಆ ಲೆಕ್ಕದಲ್ಲಿ.

ವಾಲ್ಟ್ ಡಿಸ್ನಿ ರಜೆಯ ದಿನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಮೆರಿ ಗೋ ರೌಂಡಿನ ಕುದುರೆಯೇರಿ ಸುತ್ತುತ್ತಿದ್ದರೆ ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರಬೇಕು. ಅಪ್ಪ-ಅಮ್ಮಂದಿರೂ ಮಕ್ಕಳೂ ಕೂಡಿ ಆಡುವಂಥ ಜಾಗ ಒಂದು ಬೇಡವೇ ಎಂಬ ಯೋಚನೆ ಅಲ್ಲಿ ಹುಟ್ಟಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ, ಕಿತ್ತಲೆ ತೋಟಗಳಿದ್ದ 160 ಎಕರೆ ನೆಲದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಆದರೆ ಕೆಲವೇ ವರ್ಷಗಳಲ್ಲಿ ಅದರ ಸುತ್ತ ಮೋಟೆಲ್ಲುಗಳೂ ನಿಯಾನ್ ಬೋರ್ಡುಗಳೂ ಎದ್ದು ನಿಂತವು. ಗೇಟಿನಾಚೆಯ ಒಂದಡಿ ನೆಲವೂ ತನ್ನ ಕೈಯಲ್ಲಿಲ್ಲ ಎಂಬುದು ವಾಲ್ಟ್‌ನನ್ನು ಕಾಡಿತು.

ಫ್ಲಾರಿಡಾದಲ್ಲಿ ಆ ಕೊರತೆಯನ್ನು ತೀರಿಸಿಕೊಂಡ. 1960ರ ದಶಕದ ನಡುವೆ, ಬೇರೆ ಬೇರೆ ಹೆಸರಿನ ಕಂಪನಿಗಳನ್ನು ಮುಂದಿಟ್ಟು, ಯಾರಿಗೂ ಸುಳಿವು ಕೊಡದೆ ಒರ್ಲಾಂಡೊ ಪಕ್ಕದ ಜೌಗು ನೆಲವನ್ನೂ ಹುಲ್ಲುಗಾವಲನ್ನೂ ಅವನ ಕಡೆಯವರು ಕೊಳ್ಳುತ್ತ ಹೋದರು. ಸುಮಾರು 27,000 ಎಕರೆ, ಎಕರೆಗೆ ಸರಾಸರಿ 200 ಡಾಲರಿಗೂ ಕಡಿಮೆ ಬೆಲೆಗೆ. 1965ರ ಅಕ್ಟೋಬರಿನಲ್ಲಿ ಸ್ಥಳೀಯ ಪತ್ರಿಕೆ ‘ಒರ್ಲಾಂಡೊ ಸೆಂಟಿನೆಲ್’ ಕೊಳ್ಳುತ್ತಿರುವವರು ಯಾರೆಂದು ಬಯಲು ಮಾಡಿದ ಮೇಲೆ ಉಳಿದ ನೆಲದ ಬೆಲೆ ಆಕಾಶಕ್ಕೇರಿತು. ಅಲ್ಲಿ ಪಾರ್ಕು ಏಳುವುದನ್ನು ನೋಡಲು ವಾಲ್ಟ್ ಉಳಿಯಲಿಲ್ಲ. 1966ರ ಡಿಸೆಂಬರಿನಲ್ಲಿ ತೀರಿಕೊಂಡ. ಅಣ್ಣ ರಾಯ್ ನಿವೃತ್ತಿಯನ್ನು ಮುಂದೂಡಿ ಕೆಲಸ ಕೈಗೆತ್ತಿಕೊಂಡ. ಬರೀ ಡಿಸ್ನಿ ವರ್ಲ್ಡ್ ಅಲ್ಲ, ವಾಲ್ಟ್ ಡಿಸ್ನಿ ವರ್ಲ್ಡ್ ಎಂದೇ ಹೆಸರಿರಬೇಕು ಎಂದು ಹಟ ಹಿಡಿದ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು, ಅದೇ ಡಿಸೆಂಬರಿನಲ್ಲಿ ರಾಯ್ ಕೂಡ ಹೋದ. ತಮ್ಮನ ಹೆಸರನ್ನು ನಿಲ್ಲಿಸುವುದಕ್ಕಾಗಿಯೇ ಅಷ್ಟು ದಿನ ಇದ್ದನೇನೋ ಎನ್ನಿಸುತ್ತದೆ.

ಬಿಡದಿಯ ವಂಡರ್‌ಲಾ ಕಂಡವರಿಗೆ ಒಂದು ಲೆಕ್ಕ ಹೇಳಬೇಕು. ಅದರ ವಿಸ್ತಾರ 82 ಎಕರೆ. ಡಿಸ್ನಿ ವರ್ಲ್ಡಿನ ಮೊದಲ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ನದು 107 ಎಕರೆ. ಪಾರ್ಕಿಗೆ ಪಾರ್ಕು ಹೋಲಿಸಿದರೆ ಬಹಳ ಅಂತರವಿಲ್ಲ. ಸುತ್ತ ಉಳಿಸಿಕೊಂಡ ಕೆರೆ, ಕಾಡು, ರಸ್ತೆಗಳಲ್ಲಿ ಇರುವುದು ನಿಜವಾದ ಅಂತರ. ಕಾರು ನಿಲ್ಲಿಸಿದ ಕೂಡಲೇ ಮ್ಯಾಜಿಕ್ ಕಿಂಗ್‌ಡಮ್ ಸಿಗುವುದಿಲ್ಲ. ಟಿಕೆಟ್ ಕಟ್ಟಡದ ತನಕ ಟ್ರಾಮು, ಅಲ್ಲಿಂದ ತೋಡಿ ಮಾಡಿದ ಕೆರೆಯ ಮೇಲೆ ದೊಡ್ಡ ದೋಣಿ, ಇಲ್ಲವೇ ಕೆರೆ ಸುತ್ತಿ ಹೋಗುವ ಮೋನೊರೈಲು. ದೋಣಿಯ ಮೇಲೆ ನಿಂತಾಗ ದೂರದಲ್ಲಿ ಸಿಂಡ್ರೆಲ್ಲಾ ಅರಮನೆಯ ಗೋಪುರ ಕಾಣುತ್ತದೆ. ಬೆಳಗಿನಿಂದ ಚೀಲ, ನೀರಿನ ಬಾಟಲಿ, ಸನ್‌ಸ್ಕ್ರೀನ್ ಅಂತ ಕೂಗಾಡಿಕೊಂಡು ಬಂದ ಸಂಸಾರಗಳೆಲ್ಲ ಆ ಕೆಲವು ನಿಮಿಷ ಸುಮ್ಮನಾಗುತ್ತವೆ.

ಆ ಅರಮನೆಯ ಎತ್ತರ 189 ಅಡಿ. 200 ಅಡಿ ಮುಟ್ಟಿದರೆ ವಿಮಾನಗಳಿಗಾಗಿ ಎಚ್ಚರಿಕೆಯ ದೀಪ ಹಾಕಬೇಕಾಗುತ್ತದೆ, ಅದು ಬೇಡ. ಹಾಗಿದ್ದೂ ಇನ್ನೂ ಎತ್ತರ ಕಾಣುವುದು, ಮೇಲೆ ಮೇಲೆ ಹೋದಂತೆ ಕಿಟಕಿ, ಕಲ್ಲು, ಗೋಪುರಗಳ ಅಳತೆಯನ್ನು ಕಿರಿದು ಮಾಡುತ್ತ ಹೋಗಿರುವುದರಿಂದ. ಇನ್ನೊಂದು ಸಂಗತಿ ಕಾಲಡಿಯಲ್ಲೇ ಇದೆ. ಫ್ಲಾರಿಡಾದಲ್ಲಿ ನಾಲ್ಕಡಿ ಅಗೆದರೆ ನೀರು. ಹೀಗಾಗಿ ನೆಲಮಟ್ಟದಲ್ಲೇ ಸುರಂಗದ ಜಾಲ ಕಟ್ಟಿ, ಕೆರೆ ತೋಡಿದ ಮಣ್ಣನ್ನು ಅದರ ಸುತ್ತ ತುಂಬಿ, ಅದರ ಮೇಲೆ ಪಾರ್ಕು ಎಬ್ಬಿಸಿದ್ದಾರೆ. ನಾವು ಓಡಾಡುವುದೆಲ್ಲ ಮೊದಲ ಮಹಡಿಯಲ್ಲಿ. ಕೆಳಗೆ ಕೆಲಸಗಾರರು ವೇಷ ಬದಲಿಸುತ್ತಾರೆ, ಸಾಮಾನು ಸಾಗುತ್ತದೆ, ಕಸ ಗಾಳಿಯ ಒತ್ತಡದಲ್ಲಿ ಕೊಳವೆಯೊಳಗೆ ಹರಿದುಹೋಗುತ್ತದೆ. ಕೌಬಾಯ್ ವೇಷದವನೊಬ್ಬ ಭವಿಷ್ಯಲೋಕದ ಬೀದಿಯಲ್ಲಿ ಹಾದುಹೋಗುವುದನ್ನು ಡಿಸ್ನಿಲ್ಯಾಂಡಿನಲ್ಲಿ ಕಂಡು ವಾಲ್ಟ್ ಕಸಿವಿಸಿಗೊಂಡಿದ್ದನಂತೆ. ಸುರಂಗ ಅದಕ್ಕೆ ಉತ್ತರ. ಮಗುವಿನ ನಂಬಿಕೆ ಒಂದು ಕ್ಷಣವೂ ಒಡೆಯಬಾರದೆಂದು ಇಷ್ಟು ದೊಡ್ಡ ಕಟ್ಟಡ ಕಟ್ಟಿದವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ.

ಸರತಿಯೊಳಗಿನ ವಿದ್ಯೆ

ಒರ್ಲಾಂಡೊದಲ್ಲಿ ಒಂದು ದಿನ ಕಳೆದರೆ ಅದರಲ್ಲಿ ರೈಡಿನ ಮೇಲೆ ಕೂತಿರುವ ಹೊತ್ತು ಬಹಳ ಕಡಿಮೆ. ಉಳಿದದ್ದು ನಡೆಯುವುದು, ನಿಲ್ಲುವುದು. ಸರತಿಯಲ್ಲಿ ನಿಲ್ಲುವುದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಧರ್ಮಸ್ಥಳ, ತಿರುಪತಿಗಳಲ್ಲಿ ನಿಂತ ಕಾಲುಗಳು ಅವು. ಆದರೆ ಇಲ್ಲಿನ ಸರತಿಯ ಹಿಂದೆ ಒಂದು ವಿದ್ಯೆಯೇ ಇದೆ. ಡೇವಿಡ್ ಮೈಸ್ಟರ್ ಎಂಬಾತ 1985ರಲ್ಲಿ ಕಾಯುವಿಕೆಯ ಮನಶ್ಶಾಸ್ತ್ರದ ಮೇಲೆ ಒಂದು ಪ್ರಬಂಧ ಬರೆದ. ಕೈಗೆ ಕೆಲಸವಿದ್ದಾಗ ಕಾದ ಹೊತ್ತು ಚಿಕ್ಕದು, ಎಷ್ಟು ಹೊತ್ತು ಎಂದು ತಿಳಿಯದೆ ಕಾದದ್ದು ದೊಡ್ಡದು ಎಂದು ಅವನು ವಿಂಗಡಿಸಿ ಹೇಳಿದ್ದನ್ನು ಈ ಪಾರ್ಕುಗಳಲ್ಲಿ ಅಕ್ಷರಶಃ ಕಾಣಬಹುದು. ಸರತಿ ಅಂಕುಡೊಂಕಾಗಿ ಸುತ್ತುತ್ತದೆ, ಪೂರ್ತಿ ಉದ್ದ ಎಂದೂ ಕಣ್ಣಿಗೆ ಬೀಳುವುದಿಲ್ಲ. ಬಾಗಿಲಲ್ಲಿ ಬರೆದ ನಿಮಿಷಕ್ಕಿಂತ ಬೇಗ ಒಳಗೆ ಬಿಟ್ಟು ಖುಷಿಪಡಿಸುವುದೂ ಉಂಟು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಂಬೊ ಎಂಬ ಹಾರುವ ಆನೆಮರಿಯ ರೈಡು. 2012ರಲ್ಲಿ ಅದನ್ನು ಎರಡಾಗಿಸಿ, ಸರತಿಯ ಬದಲು ಸರ್ಕಸ್ ಡೇರೆ ಹಾಕಿದರು.  ಮಕ್ಕಳು ಜಾರುಬಂಡೆ, ಹಗ್ಗದ ಏಣಿಗಳ ಮೇಲೆ ಬಿದ್ದೆದ್ದು ಆಡುತ್ತಾರೆ, ದೊಡ್ಡವರು ಫ್ಯಾನಿನ ಕೆಳಗೆ ಕಾಲು ಚಾಚಿ ಕೂರುತ್ತಾರೆ. ಸರದಿ ಬಂದಾಗ ಎದ್ದು ಹೋದರಾಯಿತು. ನಮ್ಮ ಮಗಳು ಆಟ ಬಿಟ್ಟು ರೈಡಿಗೆ ಬರಲು ಒಪ್ಪಲಿಲ್ಲ. ಸರತಿಯೇ ಆಟವಾದರೆ ಹೀಗಾಗುತ್ತದೆ, ಆಗಲಿ.

ಯಾವ ಸರತಿ ಯಾಕೆ ಉದ್ದ ಎಂದು ತಿಳಿದಿದ್ದರೆ ಅರ್ಧ ದಣಿವು ತಪ್ಪುತ್ತದೆ. ಹಾಂಟೆಡ್ ಮ್ಯಾನ್‌ಷನ್ ಎಂಬ ದೆವ್ವದ ಮನೆಯಲ್ಲಿ ಕುರ್ಚಿಗಳು ಒಂದಕ್ಕೊಂದು ಕಟ್ಟಿದ ಸರಪಳಿಯಂತೆ ನಿಲ್ಲದೆ ಸಾಗುತ್ತವೆ. ಗಂಟೆಗೆ 2,000ಕ್ಕೂ ಹೆಚ್ಚು ಜನ ಒಳಗೆ ಹೋಗಿ ಬರುತ್ತಾರೆ. ಪೀಟರ್ ಪ್ಯಾನ್‌ನಲ್ಲಿ ಪುಟ್ಟ ಹಡಗುಗಳು, ಅದರ ಅರ್ಧದ ಆಸುಪಾಸು ಜನ. ಹಾಗಾಗಿ ಪೀಟರ್ ಪ್ಯಾನ್ ಬೆಳಗ್ಗೆ ಮೊದಲು ಅಥವಾ ರಾತ್ರಿ ಕೊನೆಗೆ, ದೆವ್ವದ ಮನೆ ಯಾವಾಗ ಬೇಕಾದರೂ. ಅಲ್ಲಿ ಹತ್ತುವ ಜಾಗ ಚಲಿಸುವ ಪಟ್ಟಿ. ವಯಸ್ಸಾದವರಿದ್ದರೆ ಅಲ್ಲಿಯ ಹುಡುಗರಿಗೆ ಒಂದು ಮಾತು ಹೇಳಿ, ವೇಗ ತಗ್ಗಿಸುತ್ತಾರೆ. ನಮ್ಮ ಹಿರಿಯರು ಕೇಳಲು ಸಂಕೋಚಪಡುತ್ತಾರೆ, ನಾವೇ ಕೇಳಬೇಕು. ಗಾಲಿಕುರ್ಚಿಯ ಮಾತೂ ಅಷ್ಟೇ. ‘ನನಗೇನಾಗಿದೆ, ಚೆನ್ನಾಗಿಯೇ ನಡೀತೀನಲ್ಲ’ ಎಂದರು ನಮ್ಮತ್ತೆ. ದಿನಕ್ಕೆ ಹತ್ತು ಕಿಲೋಮೀಟರಿನ ಮೇಲೆ ನಡಿಗೆ ಅಲ್ಲಿ ಸಾಮಾನ್ಯ. ಎರಡನೆಯ ದಿನ ಕುರ್ಚಿ ಬಾಡಿಗೆಗೆ ಪಡೆದೆವು. ಅರ್ಧ ಹೊತ್ತು ಅವರು ಕೂತರು, ಅರ್ಧ ಹೊತ್ತು ಅವರ ತೊಡೆಯ ಮೇಲೆ ಮೊಮ್ಮಗಳು ನಿದ್ದೆ ಮಾಡಿದಳು.

ಈ ಸರತಿಯ ವಿಷಯದಲ್ಲಿ ಒಂದು ನೋವೂ ಇದೆ. 1999ರಲ್ಲಿ ಫಾಸ್ಟ್‌ಪಾಸ್ ಎಂಬ ಚೀಟಿ ಬಂತು. ಹೊತ್ತು ಗೊತ್ತು ಮಾಡಿಕೊಂಡು ಬಂದರೆ ಚಿಕ್ಕ ಸರತಿ, ಟಿಕೆಟ್ ಇದ್ದ ಎಲ್ಲರಿಗೂ ಪುಕ್ಕಟೆ. 2021ರಿಂದ ಆ ಸವಲತ್ತಿಗೆ ಬೆಲೆ ಬಿತ್ತು. ಈಗ ಲೈಟ್ನಿಂಗ್ ಲೇನ್ ಎಂಬ ಹೆಸರಿನಲ್ಲಿ ತಲೆಗಿಷ್ಟು ಎಂದು ದುಡ್ಡು ಕೊಡಬೇಕು, ದರ ದಿನದಿಂದ ದಿನಕ್ಕೆ ಬೇರೆ. ಡಿಸ್ನಿಯ ಹೋಟೆಲಿನಲ್ಲಿ ಇಳಿದವರು ಏಳು ದಿನ ಮೊದಲೇ ಕಾಯ್ದಿರಿಸಬಹುದು, ಹೊರಗಿನವರು ಮೂರು ದಿನ. ಪಕ್ಕದ ಸಾಲಿನಲ್ಲಿ ಇನ್ನೊಂದು ಮಗು ದಾಪುಗಾಲು ಹಾಕಿ ಹೋಗುವುದನ್ನು ನಿಂತ ಮಗು ನೋಡುತ್ತಿರುತ್ತದೆ. ಸಿಂಡ್ರೆಲ್ಲಾಳ ಮನೆಯಂಗಳದಲ್ಲಿ ಇದು ಇರಬಾರದಿತ್ತು. 1971ರಲ್ಲಿ ಒಳಗೆ ಹೋಗಲು ದೊಡ್ಡವರಿಗೆ ಮೂರೂವರೆ ಡಾಲರ್. ರೈಡಿನ ಚೀಟಿಗೆ ಬೇರೆ. ಈಗ ಜನ ಹೆಚ್ಚಿರುವ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 200 ಡಾಲರಿನ ಆಸುಪಾಸು. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಟಿಕೆಟ್ ಇಲ್ಲ. ಆರು ಜನರ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಕೊಟ್ಟ ದುಡ್ಡು ವಸೂಲಾಗಬೇಕೆಂದು ಎಲ್ಲರೂ ಓಡುವುದು ಈ ಲೆಕ್ಕದಿಂದಲೇ.

ಎಲ್ಲರೂ ಏರಬಲ್ಲದ್ದು

ಪ್ರತಿ ದೊಡ್ಡ ರೈಡಿನ ಮುಂದೆ ಎತ್ತರ ಅಳೆಯುವ ಕೋಲೊಂದು ಇರುತ್ತದೆ. ಸೆವೆನ್ ಡ್ವಾರ್ಫ್ಸ್ ಗಣಿಯ ರೈಲಿಗೆ 38 ಇಂಚು, ಸ್ಪೇಸ್ ಮೌಂಟನ್‌ಗೆ 44. ಒರ್ಲಾಂಡೊದಲ್ಲಿ ಡಿಸ್ನಿಯ ಎದುರಾಳಿಯಾದ ಯೂನಿವರ್ಸಲ್‌ನ ವೆಲೋಸಿಕೋಸ್ಟರ್ ಗಂಟೆಗೆ 112 ಕಿಲೋಮೀಟರ್ ವೇಗದ್ದು, ಅದಕ್ಕೆ 51. ಸ್ಪೇಸ್ ಮೌಂಟನ್ ಬಾಗಿಲಲ್ಲಿ ಒಬ್ಬ ಹುಡುಗ ಕೋಲಿನ ಕೆಳಗೆ ಉಸಿರು ಬಿಗಿಹಿಡಿದು ನಿಂತಿದ್ದ. ಕೋಲಿಗೂ ತಲೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಅಪ್ಪ ‘ಶೂ ಹಾಕಿದ್ದಾನಲ್ಲ, ಬಿಡಿ’ ಎಂದು ವಾದಕ್ಕಿಳಿದರು. ನೋಡಿಕೊಳ್ಳುವ ಹೆಂಗಸು ಮಂಡಿಯೂರಿ ಹುಡುಗನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು, ಅಪ್ಪನ ಕಡೆ ತಿರುಗಲಿಲ್ಲ. ಆ ಅಳತೆ ಸುರಕ್ಷೆಯದ್ದು. ಸೀಟಿನ ಸರಳು ಎಲ್ಲಿ ಕೂರಬೇಕೆಂಬುದು ಅದರ ಮೇಲೆ ನಿಂತಿದೆ. ಚಿಕ್ಕ ಮಗು ಇರುವ ಸಂಸಾರಕ್ಕೆ ರೈಡರ್ ಸ್ವಿಚ್ ಎಂಬ ಏರ್ಪಾಡಿದೆ. ಒಬ್ಬರು ಮಗುವಿನೊಂದಿಗೆ ಹೊರಗೆ ನಿಂತು, ಇನ್ನೊಬ್ಬರು ಬಂದ ಮೇಲೆ ಮತ್ತೆ ಉದ್ದದ ಸರತಿ ನಿಲ್ಲದೆ ಹೋಗಬಹುದು. ಇದಕ್ಕೆ ದುಡ್ಡಿಲ್ಲ. ಎತ್ತರ ಸಾಕಾದರೂ ಹೆದರುವ ಮಗುವನ್ನು ‘ಧೈರ್ಯ ಬರಲಿ’ ಎಂದು ಎಳೆದೊಯ್ಯುವವರನ್ನು ಅಲ್ಲಿ ಬಹಳ ಕಂಡೆ. ದಯವಿಟ್ಟು ಬೇಡ. ಆ ಮಗುವಿಗೆ ಉಳಿದ ದಿನವೆಲ್ಲ ಕತ್ತಲ ಬಾಗಿಲು ಕಂಡರೆ ಅಳು.

ಎತ್ತರದ ಕೋಲಿಲ್ಲದ ರೈಡುಗಳೇ ನನ್ನ ಮಟ್ಟಿಗೆ ಒರ್ಲಾಂಡೊದ ತಿರುಳು. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಅವುಗಳಲ್ಲೊಂದು. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಹುಟ್ಟಿದ್ದು. ಯುನಿಸೆಫ್‌ಗಾಗಿ, ಪೆಪ್ಸಿಯ ಹಣದಲ್ಲಿ. ಬಣ್ಣ-ವಿನ್ಯಾಸ ಮೇರಿ ಬ್ಲೇರ್ ಎಂಬ ಕಲಾವಿದೆಯದು. ಬರುವವರು ಅಷ್ಟು ಮಂದಿ, ಅವರನ್ನು ನಿಲ್ಲಿಸದೆ ಸಾಗಿಸಬೇಕು ಎಂದು ನೀರಿನ ಕಾಲುವೆಯಲ್ಲಿ ದೋಣಿ ಬಿಟ್ಟರು. ದೇಶದೇಶದ ಬೊಂಬೆಗಳ ನಡುವೆ ದೋಣಿ ಹತ್ತು ನಿಮಿಷದ ಮೇಲೆ ತೇಲುತ್ತದೆ. ತೀರ ಬಾಲಿಶ ಎಂದು ಬಿಟ್ಟುಹೋಗುವ ಹರೆಯದವರು ಅನೇಕರು. ನಮ್ಮ ಹತ್ತು ವರ್ಷದವನೂ ಮುಖ ಗಂಟಿಕ್ಕಿಕೊಂಡೇ ಹತ್ತಿದ. ಅತ್ತೆ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ಮೈಮೇಲೆ ಶಾಲು. ಮೊಮ್ಮಗಳನ್ನು ಪಕ್ಕಕ್ಕೆ ಒತ್ತಿಕೊಂಡು ಕೂತರು. ಬೊಂಬೆ ಹಬ್ಬದ ಮನೆಯಿಂದ ಬಂದವರು ಅವರು. ಒಂದೊಂದನ್ನೂ ಬೆರಳು ತೋರಿಸಿ ‘ಇದರ ಜುಟ್ಟು ನೋಡು, ಇದು ಯಾವ ವಾದ್ಯ ಹೇಳು, ಆ ಮೂಲೆಯದು ಕುಣೀತಿಲ್ಲ, ಕೀಲು ಸಡಿಲಾಗಿದೆ’ ಎಂದು ಶುರು ಮಾಡಿದರು. ಅಣ್ಣನಿಗೂ ತಂಗಿಗೂ ಪಂದ್ಯ ಹತ್ತಿತು, ಯಾರು ಮೊದಲು ದೇಶ ಹೇಳುತ್ತಾರೆಂದು. ಭಾರತದ ಬೊಂಬೆಗಳು ಬರುವ ಹೊತ್ತಿಗೆ ನಮ್ಮ ದೋಣಿಯ ಮುಂದಿನ ಸಾಲಿನ ಬ್ರೆಜಿಲ್‌ನವರೂ ತಿರುಗಿ ಅತ್ತೆಯ ಬೆರಳನ್ನೇ ನೋಡುತ್ತಿದ್ದರು.

ಮಾವನದು ರೈಲು. ಮ್ಯಾಜಿಕ್ ಕಿಂಗ್‌ಡಮ್ ಸುತ್ತುವ ರೈಲಿನ ನಾಲ್ಕೂ ಉಗಿಯಂತ್ರಗಳು ಆಟಿಕೆಯವಲ್ಲ. ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆ 1916ರಿಂದ 1928ರ ನಡುವೆ ಮಾಡಿದವು. ಮೆಕ್ಸಿಕೊದ ಯುಕಟಾನ್‌ನಲ್ಲಿ ದುಡಿದು ಮೂಲೆ ಸೇರಿದ್ದ ಇವನ್ನು 1969ರಲ್ಲಿ ಕೊಂಡು ತಂದು ರಿಪೇರಿ ಮಾಡಿಸಿದರು. ಹಳಿಗಳ ನಡುವಿನ ಅಂತರ ಮೂರಡಿ, ನಮ್ಮ ಹಳೆಯ ಮೀಟರ್‌ಗೇಜಿಗಿಂತ ತುಸು ಕಿರಿದು. ಬೀರೂರು-ತಾಳಗುಪ್ಪ ಗಾಡಿಯಲ್ಲಿ ಓಡಾಡಿ ಬೆಳೆದ ಮಾವ ಎಂಜಿನ್ನಿನ ಪಕ್ಕ ನಿಂತು ಮೊಮ್ಮಗನಿಗೆ ಪಿಸ್ಟನ್, ಕನೆಕ್ಟಿಂಗ್ ರಾಡ್ ವಿವರಿಸತೊಡಗಿದಾಗ ಚಾಲಕನೂ ಕೆಳಗಿಳಿದು ಬಂದ. ಇಬ್ಬರ ಇಂಗ್ಲಿಷಿಗೂ ಹೊಂದಾಣಿಕೆ ಕಷ್ಟವಾದರೂ ಎಂಜಿನ್ನಿನ ಭಾಗಗಳನ್ನು ಮುಟ್ಟಿ ತೋರಿಸಿಕೊಂಡು ಮಾತು ನಡೆಯಿತು. ಅರಮನೆಯ ಹಿಂದಿನ ಮೆರಿ ಗೋ ರೌಂಡ್ ಕೂಡ 1917ರದ್ದು; ನ್ಯೂಜೆರ್ಸಿಯ ಹಳೆಯ ಪಾರ್ಕೊಂದು ಮುಚ್ಚಿದ ಮೇಲೆ ಡಿಸ್ನಿಯವರು ಉಳಿಸಿಕೊಂಡದ್ದು. ಅಲ್ಲಿ ಕುದುರೆ ಏರಲಾಗದವರಿಗೆ ಒಂದು ರಥವೂ ಇದೆ. ಗ್ರಿಫಿತ್ ಪಾರ್ಕಿನ ಬೆಂಚು ಇಲ್ಲಿ ಬೇಕಾಗಿಲ್ಲ.

ಡಿಸ್ನಿಯ ಇನ್ನೊಂದು ಪಾರ್ಕಾದ ಅನಿಮಲ್ ಕಿಂಗ್‌ಡಮ್ 1998ರ ಭೂಮಿ ದಿನದಂದು ತೆರೆದದ್ದು. ಅದರ ಏಷ್ಯಾ ಭಾಗದಲ್ಲಿ ಒಂದು ಕಲ್ಪನೆಯ ಊರಿದೆ, ಹೆಸರು ಆನಂದಪುರ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ನಮ್ಮ ಆನಂದಪುರಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಬೋರ್ಡು ಕಂಡು ನಮ್ಮವರ ಮುಖ ಅರಳಿತು. ಬಣ್ಣ ಕಿತ್ತ ಗೋಡೆ, ಹಳೆಯ ಪೋಸ್ಟರು, ತುಕ್ಕು ಹಿಡಿದ ಸೈಕಲ್ಲು, ಬೇರು ಹಬ್ಬಿದ ಪಾಳು ಅರಮನೆ. ಎಲ್ಲ ಹೊಸದಾಗಿ ಕಟ್ಟಿ, ಕಲಾವಿದರು ಕೈಯಾರೆ ಹಳತು ಮಾಡಿದ್ದು. ಆ ಪಾಳು ಅರಮನೆಯ ಕಮಾನಿನಾಚೆ ಹುಲಿ ಮಲಗಿರುತ್ತದೆ. ಈ ಪಾರ್ಕಿನ ಸಫಾರಿಯನ್ನು ಬೆಳಗ್ಗೆಯೇ ಮುಗಿಸಿಕೊಳ್ಳುವುದು ಮೇಲು. ಬಿಸಿಲೇರಿದರೆ ಪ್ರಾಣಿಗಳು ನೆರಳು ಹಿಡಿಯುತ್ತವೆ.

ಯೂನಿವರ್ಸಲ್ ಬಗ್ಗೆ ಕೆಲವೇ ಮಾತು. ಅಲ್ಲಿ ಹರೆಯದವರದೇ ರಾಜ್ಯ. 1990ರಲ್ಲಿ ಮೊದಲ ಪಾರ್ಕು, 1999ರಲ್ಲಿ ಎರಡನೆಯದು, 2025ರ ಮೇ 22ರಂದು ಎಪಿಕ್ ಯೂನಿವರ್ಸ್. ಹ್ಯಾರಿ ಪಾಟರ್ ಓದಿದ ಮಕ್ಕಳಿದ್ದರೆ ತಪ್ಪಿಸುವಂತಿಲ್ಲ. ಮೊದಲ ಪಾರ್ಕಿನ ಲಂಡನ್ ಭಾಗದಿಂದ ಎರಡನೆಯದರ ಹಾಗ್ಸ್‌ಮೀಡ್‌ಗೆ ನಿಜವಾಗಿ ರೈಲು ಹೋಗುತ್ತದೆ, ಆದರೆ ಎರಡೂ ಪಾರ್ಕುಗಳ ಟಿಕೆಟ್ ಇರಬೇಕು. ಹಿರಿಯರಿಗೂ ಆ ರೈಲು ಸುಖ; ಹೋಗುವಾಗ ಕಿಟಕಿಯಾಚೆ ಕಾಣುವುದೇ ಬೇರೆ, ಬರುವಾಗಿನದೇ ಬೇರೆ. ನನ್ನ ಮಗ ಮಂತ್ರದಂಡ ಹಿಡಿದು ಅಂಗಡಿಯೊಂದರ ಕಿಟಕಿಯ ಮುಂದೆ ನಿಂತ. ನೆಲದ ಹಿತ್ತಾಳೆ ಫಲಕದಲ್ಲಿ ಕೈ ಹೇಗೆ ತಿರುಗಿಸಬೇಕೆಂದು ಕೆತ್ತಿರುತ್ತದೆ. ದಂಡದ ತುದಿ ಹೊಳಪು ಮರಳಿಸುವಂಥದ್ದು, ಕಿಟಕಿಯೊಳಗಿನ ಅವಗೆಂಪು ಕ್ಯಾಮೆರಾ ಅದರ ಚಲನೆ ಓದುತ್ತದೆ. ಮೂರು ಸಲ ಆಗಲಿಲ್ಲ. ಹಿಂದೆ ನಿಂತಿದ್ದ ಅಪರಿಚಿತ ಹುಡುಗಿ ಅವನ ಮಣಿಕಟ್ಟು ಹಿಡಿದು ಚಿಕ್ಕದಾಗಿ ಬರೆಯಲು ಕಲಿಸಿದಳು. ಕಿಟಕಿಯೊಳಗೆ ಗರಿ ಮೇಲೆದ್ದಿತು. ಅಂದಿನ ಯಾವ ರೋಲರ್ ಕೋಸ್ಟರನ್ನೂ ಅವನು ಅಷ್ಟು ವರ್ಣಿಸಲಿಲ್ಲ.

ಮಧ್ಯಾಹ್ನದ ಮಳೆ, ಮೊಸರನ್ನ

ಜೂನಿನಿಂದ ಸೆಪ್ಟೆಂಬರಿನವರೆಗೆ ಒರ್ಲಾಂಡೊದಲ್ಲಿ ಮಧ್ಯಾಹ್ನ ಗುಡುಗು-ಮಳೆ ಬಹುತೇಕ ದಿನಚರಿ. ಪೂರ್ವಕ್ಕೆ ಅಟ್ಲಾಂಟಿಕ್, ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ. ಎರಡೂ ಕಡೆಯ ಕಡಲಗಾಳಿ ಸೀಮೆಯ ನಡುವೆ ಢಿಕ್ಕಿಯಾಗಿ ಮೇಲೇಳುತ್ತದೆ. ಹತ್ತಿರದಲ್ಲಿ ಮಿಂಚಿದರೆ ಬಯಲಿನ ರೈಡುಗಳೆಲ್ಲ ನಿಲ್ಲುತ್ತವೆ. ಇದಕ್ಕೆ ಗೊಣಗುವ ಬದಲು ಒಂದರಿಂದ ನಾಲ್ಕರವರೆಗೆ ಹೋಟೆಲಿಗೆ ಹೋಗಿ ಮಲಗುವುದು ಒಳ್ಳೆಯದು. ದುಡ್ಡು ಕೊಟ್ಟು ಮಲಗುವುದೇ ಎಂದು ಕೇಳುವವರಿದ್ದಾರೆ. ಸಂಜೆ ಐದಕ್ಕೆ ಮರಳಿದ ಸಂಸಾರವನ್ನೂ ಬೆಳಗಿನಿಂದ ಅಲ್ಲೇ ಉಳಿದ ಸಂಸಾರವನ್ನೂ ಅಕ್ಕಪಕ್ಕ ನೋಡಿದರೆ ಆ ಪ್ರಶ್ನೆ ಏಳುವುದಿಲ್ಲ.

ಡಿಸ್ನಿಯ ಪಾರ್ಕುಗಳಿಗೆ ಮನೆಯ ಊಟ ಒಯ್ಯಬಹುದು. ಗಾಜಿನ ಡಬ್ಬಿ ಬೇಡ ಅಷ್ಟೇ. ಯೂನಿವರ್ಸಲ್‌ನ ನಿಯಮ ಬಿಗಿ, ಸಣ್ಣ ತಿಂಡಿ ಪೊಟ್ಟಣಕ್ಕೆ ಅಡ್ಡಿಯಿಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆಗಳು ಸುತ್ತಮುತ್ತ ಧಾರಾಳ. ಬೆಳಗ್ಗೆ ಕುಕ್ಕರ್ ಇಟ್ಟರೆ ಪುಳಿಯೋಗರೆ, ಮೊಸರನ್ನ ಮಧ್ಯಾಹ್ನಕ್ಕೆ ಆಯಿತು. ಕೌಂಟರಿನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಲೋಟಗಟ್ಟಲೆ ಪುಕ್ಕಟೆ ಕೊಡುತ್ತಾರೆ, ಬಾಟಲಿ ಕೊಳ್ಳಬೇಕಿಲ್ಲ.

ಒಂದು ದಿನವನ್ನು ಟಿಕೆಟ್ ಇಲ್ಲದೆ ಇಟ್ಟುಕೊಳ್ಳಿ ಎನ್ನುವುದು ನನ್ನ ಕೊನೆಯ ಒತ್ತಾಯ. ಡಿಸ್ನಿಯ ನಾಲ್ಕು ಪಾರ್ಕುಗಳಲ್ಲಿ ಎರಡನ್ನು ಬಿಟ್ಟರೂ ನಷ್ಟವಿಲ್ಲ, ಈ ದಿನ ಬಿಡಬೇಡಿ. ಹೋಟೆಲುಗಳ ನಡುವೆ ಸುತ್ತುವ ಮೋನೊರೈಲಿಗೆ ಟಿಕೆಟ್ ಬೇಕಿಲ್ಲ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನಲ್ಲಿ ಸನಾ ಎಂಬ ಊಟದ ಮನೆ ಇದೆ, ಅಲ್ಲಿ ಉಳಿದುಕೊಳ್ಳದವರೂ ಹೋಗಬಹುದು. ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆತ ಊಟ. ಬಗೆಬಗೆಯ ನಾನ್, ಜೊತೆಗೆ ಸಾಲು ಬಟ್ಟಲುಗಳಲ್ಲಿ ಚಟ್ನಿ, ರಾಯಿತ. ಅತ್ತೆ-ಮಾವ ಆ ವಾರದಲ್ಲಿ ಹೊರಗೆ ಹೊಟ್ಟೆತುಂಬ ಉಂಡದ್ದು ಅಲ್ಲೇ. ಗಾಜಿನ ಗೋಡೆಯಾಚೆ ಹುಲ್ಲುಗಾವಲು, ಜಿರಾಫೆ, ಜೀಬ್ರಾ, ದೊಡ್ಡ ಕೊಂಬಿನ ಅಂಕೋಲೆ ದನ. ಅರವತ್ತು ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಮಧ್ಯಾಹ್ನದ ಊಟಕ್ಕೇ ಮಾಡಿಸಿ, ಕಿಟಕಿಯ ಪಕ್ಕದ ಮೇಜು ಕೇಳಿ. ಕತ್ತಲಾದ ಮೇಲೆ ಹೋದರೆ ಪ್ರಾಣಿಗಳು ಸರಿಯಾಗಿ ಕಾಣುವುದಿಲ್ಲ.